ಇಟ್ಟಿಗೆಯ ಮೇಲೆ ಇಟ್ಟಿಗೆಯ ಬಣ್ಣ

ಶಿಡ್ಲಘಟ್ಟದಲ್ಲಿ ನಾನು ಪಾಠ ಮಾಡುವ ಶಾಲೆ ಬ್ರಿಟಿಷರ ಕಾಲದ ಇಟ್ಟಿಗೆ ಮನೆ. ಯಾರೋ ದೊರೆ ತನ್ನ ಸಂಸಾರಕ್ಕೆಂದು ಕಟ್ಟಿಸಿಕೊಂಡಿದ್ದನಂತೆ. ಮೊಳದಗಲದ ಗೋಡೆ, ಕಿಟಕಿಯ ಮೇಲೆ ಇಟ್ಟಿಗೆಯದೇ ಕಮಾನು, ಸೂರಿನ ಕೆಳಗೆ ಬಿಸಿಗಾಳಿ ಹೋಗಲು ಕಿಂಡಿ. ಏಪ್ರಿಲ್‌ನಲ್ಲೂ ನನ್ನ ಮಕ್ಕಳು ಫ್ಯಾನ್ ಕೇಳುತ್ತಿರಲಿಲ್ಲ. ಹೊರಗೋಡೆಗೆ ಗಿಲಾವು ಮಾತ್ರ ಇರಲಿಲ್ಲ. ಅದೇ ತಪ್ಪಾಗಿಹೋಯಿತು ನೋಡಿ. ನಮ್ಮವರ ಕಣ್ಣಿಗೆ ಗಿಲಾವಿಲ್ಲದ ಗೋಡೆ ಅಂದರೆ ಅರ್ಧಕ್ಕೆ ನಿಂತ ಬಡವರ ಮನೆ.

ಪಾರಂಪರಿಕ ಕಟ್ಟಡದ ದುರಸ್ತಿ ಮಂಜೂರಾದಾಗ ಮೊದಲು ಕುಣಿದವಳೇ ನಾನು. ಪ್ರತಿ ಬೇಸಿಗೆ ರಜೆಯಲ್ಲಿ ಸುಣ್ಣ ಅರೆದು, ಬೆಲ್ಲದ ನೀರು ಬೆರೆಸಿ, ಆ ಗಾರೆಯಿಂದ ಗೋಡೆಯ ಸಂದು ತುಂಬುತ್ತಿದ್ದ ಮುದಿ ಮೇಸ್ತ್ರಿ ನನ್ನನ್ನು ಹುಡುಕಿಕೊಂಡು ಬಂದರು.

"ಟೀಚರಮ್ಮ, ಸಿಮೆಂಟ್ ತಂದು ಇಳಿಸವ್ರೆ. ಈ ಇಟ್ಟಿಗೆಗೆ ಅದು ಆಗಲ್ಲ. ನೀರು ಒಳಗೇ ನಿಂತ್ಕೊಂಡು ಗೋಡೆ ಪುಡಿಯಾಗೋಯ್ತದೆ. ನಾವು ಹೇಳಿದ್ರೆ ಯಾರು ಕೇಳ್ತಾರೆ? ನೀವು ಹೇಳಿ."

ಕಂಟ್ರಾಕ್ಟರಿಗೆ ಹೇಳಿದೆ. "ಎಸ್ಟಿಮೇಟಲ್ಲಿ ಗಾರೆ ಇಲ್ಲ ಮೇಡಂ, ಇಂಜಿನಿಯರ್ ಸಾಹೇಬ್ರನ್ನ ಕೇಳ್ಕೊಳ್ಳಿ" ಎಂದ. ಸಾಹೇಬರು ಇತ್ತ ತಲೆ ಹಾಕಲೇ ಇಲ್ಲ. ನಾನು ಅಷ್ಟಕ್ಕೇ ಸುಮ್ಮನಾದೆ. ಗೋಡೆಗೆಲ್ಲ ಸಿಮೆಂಟ್ ಮೆತ್ತಿದರು, ಕಿಂಡಿಗಳನ್ನು ಮುಚ್ಚಿದರು. ಹಳೆಯ ಕಳೆ ಬೇಕಲ್ಲ? ಅದಕ್ಕೆ ಸಿಮೆಂಟಿನ ಮೇಲೆ ಕೆಂಪು ಬಣ್ಣ ಬಳಿದು, ಬಿಳಿ ಗೆರೆ ಎಳೆದು ಇಟ್ಟಿಗೆ ಬರೆದರು. ನಿಜವಾದ ಇಟ್ಟಿಗೆಯನ್ನು ಹೂತು ಅದರ ಮೇಲೆ ಇಟ್ಟಿಗೆಯ ಚಿತ್ರ! ಇವರ ತಲೆಯಲ್ಲಿ ಏನು ತುಂಬಿದೆಯೋ! ಅದರ ಮುಂದೆ ನಿಂತು ಸೆಲ್ಫಿ ಬೇರೆ.

ಉದ್ಘಾಟನೆಯ ದಿನ ವಂದನಾರ್ಪಣೆ ನನ್ನ ಪಾಲಿಗೆ ಬಂತು. ಯಾವ ಕಾರ್ಯಕ್ರಮವಾದರೂ ಅದು ನನಗೇ, ಗಂಟಲು ಚೆನ್ನಾಗಿದೆಯಂತೆ. ಇವತ್ತು ಎಲ್ಲರೆದುರೂ ಹೇಳಿಯೇಬಿಡುತ್ತೇನೆ ಎಂದುಕೊಂಡು ಎದ್ದೆ. ಸಾಹೇಬರಿಗೆ, ಕಂಟ್ರಾಕ್ಟರಿಗೆ, ಶಾಮಿಯಾನದವರಿಗೆ, ಕಾಫಿ ಕೊಟ್ಟವರಿಗೆ ವಂದಿಸಿ ಕೂತೆ. "ನಮ್ಮ ಪರಂಪರೆಯನ್ನು ಉಳಿಸಿಕೊಟ್ಟಿದ್ದಕ್ಕೆ" ಎಂದೂ ಸೇರಿಸಿದೆ. ನೆನೆದರೆ ಈಗಲೂ ಮೈ ಉರಿಯುತ್ತದೆ. ಮೇಸ್ತ್ರಿ ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತಿದ್ದರು.

ಎರಡು ಮಳೆಗಾಲವೂ ತಡೆಯಲಿಲ್ಲ. ಗೋಡೆ ಉಬ್ಬಿತು, ಒಂದು ಭಾನುವಾರ ನನ್ನ ತರಗತಿಯ ಕಮಾನು ಬೆಂಚುಗಳ ಮೇಲೆ ಕುಸಿಯಿತು. ಈಗ ಕಟ್ಟಡ ಕೆಡವಲು ನೋಟಿಸು ಅಂಟಿಸಿದ್ದಾರೆ. ಹೇಗಾದರೂ ಉಳಿಸಲಾದೀತೇ ಎಂದು ಮೇಸ್ತ್ರಿಯನ್ನು ಕರೆಸಿದೆ. ಅವರು ಸಿಮೆಂಟಿನ ಹಕ್ಕಳೆ ಎಬ್ಬಿಸಿ, ಬೆರಳಿನಿಂದ ಇಟ್ಟಿಗೆ ಕೆರೆದರು. ಹಿಟ್ಟಿನಂತೆ ಉದುರಿತು.

"ಇನ್ನೇನೂ ಮಾಡಕ್ಕಾಗಲ್ಲ" ಎಂದರು.

ನಾನು ಕಂಟ್ರಾಕ್ಟರನನ್ನೂ ಸಾಹೇಬರನ್ನೂ ಬಾಯಿಗೆ ಬಂದಂತೆ ಬೈದೆ. ಮೇಸ್ತ್ರಿ ಪೂರ್ತಿ ಕೇಳಿಸಿಕೊಂಡು, ಕೈ ಒರೆಸಿಕೊಳ್ಳುತ್ತಾ ಮೆಲ್ಲಗೆ ಹೇಳಿದರು:

"ಅವತ್ತು ಮೈಕು ನಿಮ್ ಕೈಲೇ ಇತ್ತಲ್ಲ, ಟೀಚರಮ್ಮ."