ನಾನು ಸೇರಿಸಿದ ಹಕಾರ

ನಮ್ಮ ಕಡೆಯವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹಸು ಅಸುವಾಗುತ್ತದೆ. ಗುಂಡ್ಲುಪೇಟೆಯಲ್ಲೇ ಹುಟ್ಟಿ ಬೆಳೆದ ನನ್ನ ಬಾಯೂ ಹಾಗೇ ಇತ್ತು. ಶಿಕ್ಷಕರ ತರಬೇತಿಗೆ ಹೋದಾಗ ಜೊತೆಯವರು ನನ್ನ ಪಾಠವನ್ನು ಅಣಕಿಸಿ ನಕ್ಕರು. ಆ ಅವಮಾನಕ್ಕೆ ಹಟ ಹಿಡಿದು ನಾಲಿಗೆ ತಿದ್ದಿಕೊಂಡೆ. ಮುಂದೆ ನಮ್ಮ ತಾಲ್ಲೂಕಿನದೇ ಮದ್ದೂರಿನ ಕಡೆ ಕಾಡಂಚಿನ ಸರ್ಕಾರಿ ಶಾಲೆಗೆ ಟೀಚರಾಗಿ ಬಂದಾಗ, ಊರಿನವರ ನಾಲಿಗೆಯನ್ನೆಲ್ಲ ತಿದ್ದುವ ಹುಮ್ಮಸ್ಸು ನನಗೆ. 'ಓಯ್ತೀನಿ' ಎಂದ ಮಗುವಿನಿಂದ 'ಹೋಗುತ್ತೇನೆ' ಎಂದು ಹತ್ತು ಸಲ ಹೇಳಿಸುತ್ತಿದ್ದೆ.

ಒಂದು ವರ್ಷ ಚೆಂಡುಹೂವಿನ ಹೊಲದಲ್ಲಿ ಕೂಲಿ ಮಾಡುವ ಹೆಂಗಸೊಬ್ಬಳು ಮಗಳನ್ನು ಒಂದನೇ ತರಗತಿಗೆ ಸೇರಿಸಲು ಬಂದಳು. ಮಗುವಿನ ಹೆಸರನ್ನು ಅಕಾರದಿಂದ ಹೇಳಿದಳು. ಬಿದ್ದುಹೋದ ಹಕಾರವಿರಬೇಕೆಂದು ನಾನೇ ಸೇರಿಸಿ ರಿಜಿಸ್ಟರಿನಲ್ಲಿ ಬರೆದೆ. ಆಧಾರ್ ಕಾರ್ಡು ಮನೆಯಲ್ಲಿದೆ, ತರುತ್ತೇನೆ ಎಂದಳು. ಇರಲಿ, ಆಮೇಲೆ ನೋಡೋಣ ಎಂದೆ. ಆ ಆಮೇಲೆ ಐದು ವರ್ಷ ಬರಲೇ ಇಲ್ಲ.

ಹುಡುಗಿ ಬಲು ಚುರುಕು. ಏಳು ತರಗತಿಗೆ ನಾವಿಬ್ಬರೇ ಶಿಕ್ಷಕರು. ನಾನು ಚಿಕ್ಕವರಿಗೆ ಅಕ್ಷರ ತಿದ್ದಿಸುವಷ್ಟರಲ್ಲಿ ಇವಳು ಮೂಲೆಯಲ್ಲಿ ಕೂತು ಮುಂದಿನ ತರಗತಿಯ ಲೆಕ್ಕ ಮಾಡಿ ಮುಗಿಸಿರುತ್ತಿದ್ದಳು. ನಮ್ಮಲ್ಲಿ ಹೆಣ್ಣುಮಕ್ಕಳ ಓದು ಹೆಚ್ಚಾಗಿ ಏಳನೆಯದಕ್ಕೇ ನಿಲ್ಲುತ್ತದೆ. ಹೈಸ್ಕೂಲಿನ ದಾರಿಯಲ್ಲಿ ಆನೆ ಕಾಟ, ಬಸ್ಸು ಬಂದರೆ ಬಂತು. ಐದನೆಯದು ಮುಗಿಸಿ ಚಾಮರಾಜನಗರದ ವಸತಿ ಶಾಲೆಗೆ ಸೇರಿಬಿಟ್ಟರೆ ಹತ್ತರವರೆಗೆ ಯೋಚನೆಯಿಲ್ಲ. ಪ್ರವೇಶ ಪರೀಕ್ಷೆಗೆ ಅರ್ಜಿ ತುಂಬಿದವಳು ನಾನೇ. ಶಾಲೆಯ ರಿಜಿಸ್ಟರು ನೋಡಿಕೊಂಡೇ ತುಂಬಿದೆ. ಅವಳಿಗೆ ಸೀಟು ಸಿಕ್ಕಿತು. ಕಂಡಕಂಡವರಿಗೆಲ್ಲ ಹೇಳಿಕೊಂಡು ಬೀಗಿದೆ.

ದಾಖಲೆ ಪರಿಶೀಲನೆಯ ಕೊನೆಯ ದಿನ ತಾಯಿ, ಮಗಳು, ನಾನು ಮೂವರೂ ಚಾಮರಾಜನಗರಕ್ಕೆ ಹೋದೆವು. ಆಧಾರ್ ಮತ್ತು ಜಾತಿ ಪ್ರಮಾಣಪತ್ರ ಆ ದಿನವೇ ಮೊದಲ ಬಾರಿಗೆ ತಾಯಿಯ ಚೀಲದಿಂದ ಹೊರಬಂದವು. ಗುಮಾಸ್ತರು ನನ್ನ ಕಾಗದವನ್ನೂ ಅವಳ ಕಾಗದಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರು.

"ಇವೆರಡೂ ಬೇರೆ ಬೇರೆ ಹುಡುಗೀರ ಹೆಸರು ಮೇಡಂ."

ಆಧಾರ್‌ನಲ್ಲಿದ್ದದ್ದು ಹುಡುಗಿಯ ಅಜ್ಜಿಯ ಹೆಸರಂತೆ. ಅಜ್ಜಿ ತಮಿಳು ಸೀಮೆಯವಳು. ಆ ಹೆಸರಿಗೆ ಹಕಾರ ಎಂದೂ ಇರಲೇ ಇಲ್ಲ. ಹೆಸರು ತಿದ್ದಲು ಗುಂಡ್ಲುಪೇಟೆಯ ಶಿಕ್ಷಣಾಧಿಕಾರಿಗಳ ಆದೇಶ ಬೇಕು, ಅದಕ್ಕೆ ವಾರವಾದರೂ ಹಿಡಿಯುತ್ತದೆ. ಸಂಜೆಯೊಳಗೆ ಪರಿಶೀಲನೆ ಮುಗಿಯದ ಸೀಟು ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ. ಎರಡು ದಿನ ಕೊಡಿ ಎಂದು ಗೋಗರೆದೆ. ಅವರು ಪಾಪ ಒಳ್ಳೆಯವರೇ, ಕಂಪ್ಯೂಟರು ಒಪ್ಪುವುದಿಲ್ಲ ಎಂದರು.

ನನ್ನ ಸಿಟ್ಟು ತಾಯಿಯ ಮೇಲೆ ತಿರುಗಿತು. ಐದು ವರ್ಷ ಯಾಕೆ ಹೇಳಲಿಲ್ಲ ಎಂದು ರೇಗಿದೆ.

"ನೀವು ಓದ್ದೋರು, ನೀವು ಕರ್ಯದೇ ಸರಿ ಅನ್ಕಂಡೋ ಮೇಡಮ್ಮೋರೆ. ನಮ್ಗೇನ್ ಗೊತ್ತು."

ಇದು ಹೇಗಾಯಿತು ಎಂದು ಗುಮಾಸ್ತರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವಳು ಕೈಮುಗಿದಳು.

"ತಪ್ಪು ನಂದೇ ಸ್ವಾಮಿ. ನನ್ನ ನಾಲ್ಗೆ ನೆಟ್ಟಗಿಲ್ಲ. ನಾನೇ ಸರ್ಯಾಗಿ ಯೋಳ್ನಿಲ್ಲ."

ಅಲ್ಲ, ಬರೆದವಳು ನಾನು ಎಂದು ಹೇಳಬೇಕಿತ್ತು. ಹೇಳಿದ್ದರೂ ಸೀಟು ಬರುತ್ತಿರಲಿಲ್ಲ ನಿಜ, ಆದರೆ ಪಕ್ಕದಲ್ಲಿ ನಿಂತಿದ್ದ ಹುಡುಗಿ ಕೇಳಿಸಿಕೊಳ್ಳುತ್ತಿದ್ದಳು. ನಾನು ಕಾಗದಗಳನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡೆ. ಹೇಡಿ ನಾನು, ಮೇಡಮ್ಮೋರೆ ಎನಿಸಿಕೊಂಡವಳಿಗೆ ಅಷ್ಟು ಜನರೆದುರು ತಪ್ಪೊಪ್ಪಿಕೊಳ್ಳುವುದು ಬೇಡವಾಗಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ತಾಯಿ ಮಗಳು ನನ್ನ ಹಿಂದಿನ ಸೀಟಿನಲ್ಲಿ ಕೂತಿದ್ದರು. ಚಾಮರಾಜನಗರ ದಾಟಿದ ಮೇಲೆ ಹುಡುಗಿಯ ದನಿ ಕೇಳಿಸಿತು. ನಾನು ಕಲಿಸಿದ ಹಾಗೆಯೇ, ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳುತ್ತಿದ್ದಳು.

"ನೀನು ಹಾಗೆ ಹೇಳಿದ್ದಕ್ಕೇ ಹೀಗಾಯಿತು. ಇನ್ನುಮೇಲೆ ನಮ್ಮ ಶಾಲೆಗೆ ಬರಬೇಡ."

"ಆಯ್ತು ಬುಡು ಕಣಮ್ಮಿ," ಎಂದಳು ತಾಯಿ. "ಬರಾಕಿಲ್ಲ."