ಫ್ರಿಜ್ಜಲ್ಲಿಟ್ಟ ಬೋರ್ ನೀರು

ನಮ್ಮ ಬಾಗಲಗುಂಟೆ ಬಾಡಿಗೆ ಮನೆಗಳಲ್ಲಿ ಎಲ್ಲರದೂ ಒಂದೇ ಲೆಕ್ಕ ಕಣ್ರೀ. ಕುಡಿಯೋಕೆ ಕ್ಯಾನ್ ನೀರು, ಅಡುಗೆಗೆ ಬೋರ್ ನೀರು. ಹೆಂಗಿದ್ರೂ ಕುದಿಯತ್ತಲ್ಲ, ಏನಾಗತ್ತೆ ಅಂತ. ನಾನೂ ಮದುವೆಯಾಗಿ ಬಂದಾಗಿಂದ ಹಂಗೇ ಮಾಡ್ಕೊಂಡು ಬಂದೋಳು.

ಹೋದ ವರ್ಷ ಕೆರೆ ಉಳಿಸೋ ಗುಂಪಿನೋರು ನಮ್ ಬೀದಿಗೆ ಬಂದ್ರು. ಪೀಣ್ಯದಲ್ಲಿ ಲೋಹಕ್ಕೆ ಹೊಳಪು ಕೊಡೋ ಶೆಡ್‌ಗಳು ಕೆಮಿಕಲ್ ನೀರನ್ನ ಹಂಗೇ ಮೋರಿಗೆ ಬಿಡ್ತಾವೆ, ಅದು ಬೋರ್‌ಗೂ ಇಳಿದಿರಬಹುದು, ಟೆಸ್ಟ್ ಮಾಡ್ಸಿ ಇದನ್ನ ನಿಲ್ಲಿಸ್ಲೇಬೇಕು ಅಂದ್ರು. ಓನರ್ ಮುಖ ಗಂಟು ಹಾಕ್ಕೊಂಡ್ರು. ರಿಪೋರ್ಟ್ ಕೆಟ್ಟದ್ ಬಂದ್ರೆ ಮನೆಗೆ ಯಾರಮ್ಮ ಬರ್ತಾರೆ ಅಂತ ಅವರ ಚಿಂತೆ. ನಾನು ಸುಮ್ನಿರೋಳಾ? ನಲ್ಲಿಯಿಂದ ಒಂದು ಬಾಟ್ಲಿ ತುಂಬ್ಸಿದೆ. ಗುಂಪಿನೋರು ಬೆಳಿಗ್ಗೆ ಟೆಸ್ಟಿಗೆ ತಗೊಂಡೋಗ್ತೀವಿ, ಅಲ್ಲೀವರ್ಗೂ ತಣ್ಣಗಿರ್ಲಿ ಅಂದಿದ್ರು. ಫ್ರಿಜ್ಜಲ್ಲಿಟ್ಟೆ.

ಸಂಜೆ ಮಗಳು ಆಟ ಆಡಿ ಬಂದ್ಳು. ನಾನು ಕುಕ್ಕರ್ ಇಡ್ತಿದ್ದೆ. ತಿರುಗಿ ನೋಡ್ತೀನಿ, ಬಾಟ್ಲಿ ಅವಳ ಬಾಯಲ್ಲಿದೆ. ಅರ್ಧ ಖಾಲಿ.

ಉಗಿ, ಬಾಯಿ ಮುಕ್ಕಳಿಸು ಅಂತ ಸಿಂಕ್ ಹತ್ರ ಎಳ್ಕೊಂಡೋಗಿ ನಲ್ಲಿ ತಿರುಗಿಸ್ದೆ. ಅದೇ ನೀರು! ಬಂದ್ ಮಾಡಿ ಕ್ಯಾನಿಂದ ಬಗ್ಗಿಸಿ ಕೊಟ್ಟೆ. ಅವಳು ನನ್ ಮುಖ ನೋಡೇ ಅಳ್ತಿದ್ಳು.

ನಂಬರ್ ಕೊಟ್ಟು ಹೋಗಿದ್ದ ಆ ಗುಂಪಿನ ಹುಡುಗಿಗೆ ಫೋನ್ ಮಾಡ್ದೆ. ಏನ್ ಒದರಿದ್ನೋ ನಂಗೇ ಗೊತ್ತಿಲ್ಲ. ಪಾಪ, ಸಮಾಧಾನ ಮಾಡಿದ್ಳು. ಒಂದ್ಸಲ ಕುಡಿದಿದ್ದಕ್ಕೆ ಹಂಗೆಲ್ಲ ಆಗಲ್ಲ, ವಾಂತಿಗೀಂತಿ ಆದ್ರೆ ಡಾಕ್ಟ್ರಿಗೆ ತೋರ್ಸಿ ಅಂದ್ಳು. ಆಮೇಲೆ ಸುಮ್ನೆ ಮಾತಿಗೆ ಕೇಳಿದಂಗೆ ಕೇಳಿದ್ಳು.

"ಅಕ್ಕ, ಅಡುಗೆಗೂ ಕ್ಯಾನ್ ನೀರೇ ತಾನೇ?"

"ಇಲ್ಲಮ್ಮ, ಬೋರ್‌ದೇ. ಚೆನ್ನಾಗ್ ಕುದಿಸ್ತೀವಲ್ಲ."

ಅವಳು ಮೆಲ್ಲಗೆ ಹೇಳಿದ್ಳು.

"ಅಕ್ಕ, ಕುದಿಸಿದ್ರೆ ಕ್ರಿಮಿ ಸಾಯ್ತಾವೆ. ಲೋಹ, ಕೆಮಿಕಲ್ ಸೇರಿದ್ರೆ ಅದು ಹೋಗಲ್ಲ. ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಜಾಸ್ತಿಯಾಗತ್ತೆ."

ಮಗಳಿಗೆ ಜ್ವರ ಬಂದಾಗೆಲ್ಲ ಅದೇ ಬೋರ್ ನೀರಲ್ಲಿ ಗಂಜಿ ನಾನೇ ಕಾಯಿಸ್ತಿದ್ದೆ. ಮಗೂಗೆ ಒಳ್ಳೇದಾಗ್ಲಿ ಅಂತ ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂತ ಬತ್ತಿಸ್ತಿದ್ದೆ. ಬಾಟ್ಲಿಯಲ್ಲಿ ಕುಡಿದಿದ್ದು ಯಾವ ಲೆಕ್ಕ?

ಫೋನ್ ಇಟ್ಟು ಅಲ್ಲೇ ನೆಲದ ಮೇಲೆ ಕೂತ್ಬಿಟ್ಟೆ. ಕುಕ್ಕರ್ ಕೂಗ್ತು. ಎದ್ದು ಗ್ಯಾಸ್ ಆಫ್ ಮಾಡ್ದೆ.

ಮಗಳು ಕಣ್ಣೊರೆಸ್ಕೊಂಡು ಬಂದು, ಹಸಿವಾಗ್ತಿದೆ, ಅನ್ನ ಹಾಕು ಅಂದ್ಳು. ತಟ್ಟೆ ಹಿಡ್ಕೊಂಡು ನಿಂತೇ ಇದ್ಳು. ನಂಗೆ ಕುಕ್ಕರ್ ಮುಚ್ಚಳ ತೆಗೆಯೋಕೆ ಧೈರ್ಯ ಬರ್ಲಿಲ್ಲ.