ಬೆಳಿಗ್ಗೆ ತೇಲುತ್ತಿದ್ದ ಕೋಶಗಳು

ಇದನ್ನು ಹೇಳುವುದನ್ನು ಬಹಳ ವರ್ಷ ಮುಂದೂಡಿದೆ. ಮೊದಲು ನೌಕರಿಯ ಭಯ, ಆಮೇಲೆ ನಾಚಿಕೆ. ಈಗ ಕೇಳಬೇಕಾದವರೇ ಇಲ್ಲ.

ಮೇಡಂ ಏನನ್ನಾದರೂ ವಿವರಿಸುವಾಗ ಮುಷ್ಟಿ ಬಿಗಿಹಿಡಿದು ನಮ್ಮ ಮುಖದ ಹತ್ತಿರ ತಂದು ತಟ್ಟನೆ ಬಿಚ್ಚುತ್ತಿದ್ದರು. ಧಾರವಾಡದ ಕಡೆಯವರು. ಎಂಬತ್ತರ ದಶಕದ ಕೊನೆಯಲ್ಲಿ ವಿಶಾಖಪಟ್ಟಣದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದರು. ನಾನು ಅಲ್ಲಿ ಅಟೆಂಡರ್, ರಾಯಚೂರಿನವನು, ಮೆಟ್ರಿಕ್ ಓದಿದವನು. ಇಡೀ ಕಟ್ಟಡದಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೆ. ನಾನು ಬಾಯಿತಪ್ಪಿ "ಆಯ್ತಂಡಿ" ಎಂದರೆ ನಗುತ್ತಿದ್ದರು: "ಬಸಣ್ಣ, ನಿನ್ನ ಕನ್ನಡಕ್ಕ ತೆಲುಗು ಹತ್ಕೊಂಡೈತಿ, ಬಾಯಿ ತೊಳಕೊಂಡ್ ಬಾ."

ಇಲಿಯ ಹೊಟ್ಟೆಯೊಳಗಿನ ಗುಲ್ಮ ಎಂಬ ಅಂಗದಿಂದ ಒಂದು ಬಗೆಯ ಜೀವಕೋಶವನ್ನು ಬೇರ್ಪಡಿಸುವುದು ಅವರ ಕೆಲಸ. "ಮೈಯೊಳಗ ರೋಗಾಣು ಹೊಕ್ಕರ ಅದರ ಕೂಡ ಬಡದಾಡೋ ಟಿ ಕೋಶಕ್ಕ ತಾನಾಗಿ ಕಾಣಾಂಗಿಲ್ಲೋ. ಈ ಕೋಶ ಅದನ್ನ ಹಿಡದು, ನುಂಗಿ, ಕತ್ತರಿಸಿ, ಒಂದು ಚೂರು ಮೈಮ್ಯಾಲೆ ಇಟಗೊಂಡು ಹೋಗಿ ತೋರಸ್ತೈತಿ. ನಮ್ಮಪ್ಪ ದಲಾಲಿ ಅಂಗಡಿಗೆ ಚೀಲ ಒಯ್ತಿದ್ನೇನು? ಮುಷ್ಟಿ ಜ್ವಾಳ ಒಯ್ದು ತೋರಸ್ತಿದ್ದ. ಅದನ್ನ ನೋಡಿನ ಸಾವುಕಾರ ಎದ್ದು ಬರ್ತಿದ್ದ."

ಕೋಶಗಳನ್ನು ತಟ್ಟೆಗೆ ಹಾಕಿ, ಅಂಟದವನ್ನು ತೊಳೆದು ಚೆಲ್ಲಿ, ಅಂಟಿದವನ್ನು ಪೋಷಕ ರಸದಲ್ಲಿ ರಾತ್ರಿಯಿಡೀ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಬೆಳಿಗ್ಗೆ ಎಲ್ಲರ ತಟ್ಟೆಗಳನ್ನೂ ಮೊದಲು ತೆಗೆದು ನೋಡುವವನು ನಾನೇ. ಮೇಡಂ ತಟ್ಟೆಯ ರಸದಲ್ಲಿ ಕೋಶಗಳು ತೇಲುತ್ತಿದ್ದವು. ತೇಲಿದ್ದೆಲ್ಲ ಸತ್ತದ್ದು ಎಂದು ನನಗೆ ಕೆಲಸ ಕಲಿಸಿದವರು ಹೇಳಿಕೊಟ್ಟಿದ್ದರು. ಮೇಡಂ ಬರುವಷ್ಟರಲ್ಲಿ ಚೊಕ್ಕಟವಾಗಿರಲಿ ಎಂದು ಆ ರಸ ಚೆಲ್ಲಿ ಹೊಸದು ಹಾಕಿಡುತ್ತಿದ್ದೆ. ಅವರು ಕೇಳಿರಲಿಲ್ಲ. ಅವರೊಬ್ಬರಿಗಷ್ಟೇ ಪ್ರೀತಿಯಿಂದ ಮಾಡುತ್ತಿದ್ದೆ.

ಅವರಿಗೆ ಬೇಕಾದದ್ದು ಸಿಗಲೇ ಇಲ್ಲ. ಇಲಿಗಳನ್ನು ಬದಲಿಸಿದರು, ರಸ ಬದಲಿಸಿದರು, ಊಟ ಬಿಟ್ಟು ಕೂತರು. ಸಂಶೋಧನೆಯ ಅವಧಿ ಮುಗಿಯುತ್ತ ಬಂತು. ಒಂದು ಮಧ್ಯಾಹ್ನ ಪ್ರೊಫೆಸರ್ ಬಂದು, "ಇಂಕ ಚಾಲಮ್ಮಾ," ಎಂದರು. ಇನ್ನು ಸಾಕು ಎಂದು. ಮೇಡಂ ಇಂಗ್ಲಿಷಿನಲ್ಲಿ ಬೇಡಿಕೊಂಡರು: ಅಂಟಿದವುಗಳಲ್ಲಿ ನಮಗೆ ಬೇಕಾದ ಕೋಶಗಳು ಬೆಳಿಗ್ಗೆ ಬಿಟ್ಟುಕೊಂಡು ತೇಲಬೇಕು ಸರ್, ನನ್ನ ತಟ್ಟೆಯಲ್ಲಿ ಮಾತ್ರ ಏಕೋ ತೇಲುತ್ತಿಲ್ಲ.

ಅಷ್ಟು ಇಂಗ್ಲಿಷ್ ನನಗೆ ತಿಳಿಯುತ್ತಿತ್ತು. ನಾನು ದಿನಾ ಚೆಲ್ಲುತ್ತಿದ್ದದ್ದು ಅವನ್ನೇ. ಬಾಟಲಿ ಒರೆಸುತ್ತಲೇ ನಿಂತೆ. ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಒಂದು ಮಾತು ಆಡಿದ್ದರೆ ಅವರಿಗೆ ಇನ್ನೊಂದು ಅವಕಾಶ ಸಿಗುತ್ತಿತ್ತು. ಆಡಲಿಲ್ಲ. ಆ ವಾರವೇ ಮೇಡಂ ಬಿಟ್ಟು ಹೋದರು.

ಎಷ್ಟೋ ವರ್ಷದ ಮೇಲೆ ಮಗಳ ಮನೆಗೆಂದು ವಿಜಯವಾಡಕ್ಕೆ ಹೋದವನು ಬೆಂಜ್ ಸರ್ಕಲ್ ಹತ್ತಿರ ರಕ್ತ ಪರೀಕ್ಷೆಗೆ ಹೋದೆ. ಸೂಜಿ ಹಿಡಿದು ನಿಂತಿದ್ದವರು ಮೇಡಂ.

"ಬಸಣ್ಣ! ಸಕ್ಕರಿ ಕಾಯಿಲೆ ಬಂತೇನೋ? ಕಂಡಲ್ಲೆಲ್ಲ ಪೂತರೇಕು ಮಿಠಾಯಿ ತಿಂದ್ರ ಮತ್ತೇನಾಕ್ಕೈತಿ!"

ನಾನು ಹಳೆಯ ಪ್ರಯೋಗಾಲಯದ ಮಾತು ತೆಗೆದೆ.

"ಬಿಡೋ. ನನ್ನ ಕೈಗುಣಾನ ಸರಿ ಇದ್ದಿಲ್ಲ. ಮಂದಿ ಕೈಯಾಗ ತೇಲ್ತಿದ್ವು," ಎಂದರು.

"ಹಂಗಲ್ರಿ ಮೇಡಂ."

"ಮತ್ತ ಹೆಂಗ?" ಎಂದು ನನ್ನ ಮುಖ ನೋಡಿದರು. ನಿಜಕ್ಕೂ ಕಾಯುತ್ತಿದ್ದರು.

ನಾನು ತೋಳು ಚಾಚಿ, "ಸಾವಕಾಶ ಚುಚ್ಚರಿ," ಎಂದೆ.

ಮತ್ತೊಮ್ಮೆ ಹೋದಾಗ ಅಲ್ಲಿ ಬೇರೊಬ್ಬ ಹುಡುಗಿ ಇದ್ದಳು. ಮೇಡಂ ತೀರಿಕೊಂಡರು ಎಂದಳು. ತಮ್ಮ ಕೈಯೇ ಸರಿಯಿಲ್ಲವೆಂದು ನಂಬಿಕೊಂಡೇ ಹೋದರು. ಅವರ ಕೈ ಸರಿಯಾಗಿಯೇ ಇತ್ತು. ನಾನು ಕ್ಷಮೆ ಕೇಳದೆ ಉಳಿದದ್ದು ಅವರಲ್ಲಿ, ಸಾವಿತ್ರಿ ಹೊಸಮನಿಯವರಲ್ಲಿ.